ಎರಡು ಮಾರ್ಕ್ಸಿನ ಉತ್ತರ

ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಬೀದಿಯ ಮಕ್ಕಳ ಪಾಲಿಗೆ ನಾನೇ ಸರ್ವಜ್ಞ. ಆರು ಗಂಟೆಗೆ ಗಣಿತ, ಆರೂಕಾಲಿಗೆ ಮೈಸೂರು ಯುದ್ಧ, ಅದರ ಬೆನ್ನಿಗೇ ಛಂದಸ್ಸು. ಶಾಲೆಯಲ್ಲಾದರೆ ನಡುವೆ ಬೆಲ್ಲಾದರೂ ಹೊಡೆಯುತ್ತದೆ.

ಇವರ ಪ್ರಶ್ನೆಗಳು ಬರಿಗೈಲಿ ಬರುವುದಿಲ್ಲ, ಮಾರ್ಕ್ಸು ಜತೆಗೇ ಇರುತ್ತದೆ. "ಅಂಕಲ್, ಕಪ್ಪು ಮಣ್ಣು ಹತ್ತಿ ಬೆಳೆಗೆ ಸೂಕ್ತ, ಏಕೆ? ಎರಡು ಮಾರ್ಕ್ಸಿಗೆ." ನನಗೋ ಹುರುಪು. ದಖ್ಖನ್ನಿನಲ್ಲಿ ಲಾವಾ ಉಕ್ಕಿ ಹರಿದದ್ದು, ಆ ಬಸಾಲ್ಟ್ ಕಲ್ಲು ಶಿಥಿಲವಾಗಿ ಮಣ್ಣಾದದ್ದು, ವಿಜಯಪುರ, ಕಲಬುರಗಿಯ ಎರೆಹೊಲ ಬೇಸಿಗೆಯಲ್ಲಿ ಬಿರುಕು ಬಿಡುವುದು, ಎಲ್ಲ ಹೇಳುತ್ತೇನೆ. ಪಕ್ಕದ ಮನೆಯ ಹತ್ತನೇ ಕ್ಲಾಸಿನ ಹುಡುಗಿ ಪೆನ್ನಿನ ಕ್ಯಾಪ್ ಕಚ್ಚಿಕೊಂಡು ಕೂತಿರುತ್ತಾಳೆ. "ತೇವಾಂಶ ಹಿಡಿದಿಟ್ಟುಕೊಳ್ಳುತ್ತದೆ" ಎಂದಾಗ ಮಾತ್ರ ಪೆನ್ನು ಓಡುತ್ತದೆ. "ಇನ್ನೊಂದು ಪಾಯಿಂಟ್ ಹೇಳಿ, ಸಾಕು." ಸುಮಾರು 6.6 ಕೋಟಿ ವರ್ಷದ ಹಿಂದಿನ ಜ್ವಾಲಾಮುಖಿಗೆ ಅರ್ಧ ಮಾರ್ಕ್ಸೂ ಇಲ್ಲ.

ಅವಳನ್ನು ದೂರಿ ಫಲವಿಲ್ಲ. ಮೂರು ಗಂಟೆಯಲ್ಲಿ ಅಷ್ಟೂ ಪ್ರಶ್ನೆಗೆ ಉತ್ತರ ಬರೆಯಬೇಕಾದವಳು ಅವಳು, ನಾನಲ್ಲ.

ಭಾಮಿನಿ ಷಟ್ಪದಿಯ ಸಾಲಿಗೆ ಪ್ರಸ್ತಾರ ಹಾಕುವಾಗಲಂತೂ ಅಕ್ಷರದ ತಲೆಯ ಮೇಲೆ ಪೆನ್ಸಿಲಿನಲ್ಲಿ ಲಘು, ಗುರು ಗುರುತು ಹಾಕಿ, ಬೆರಳು ಮಡಚಿ ಎಣಿಸಿ, ಹದಿನಾಲ್ಕು ಮಾತ್ರೆ ಬರಬೇಕಾದಲ್ಲಿ ಹದಿಮೂರು ಬಂತೆಂದು ರಬ್ಬರಿನಿಂದ ಉಜ್ಜುತ್ತಾಳೆ. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುವುದು ಮರೆತಿರುತ್ತದೆ. ಕುಮಾರವ್ಯಾಸನನ್ನು ಗಮಕಿಗಳ ಹಾಗೆ ಒಮ್ಮೆ ಹಾಡಿಕೋ, ಮೂರು-ನಾಲ್ಕು, ಮೂರು-ನಾಲ್ಕು ತಾನಾಗಿ ಕಿವಿಗೆ ಬೀಳುತ್ತದೆ ಎಂದೆ. "ಹಾಲ್‌ನಲ್ಲಿ ಹಾಡಿದ್ರೆ ಆಚೆ ಕಳಿಸ್ತಾರೆ ಅಂಕಲ್!"

ಮಾರ್ಕ್ಸಿಲ್ಲದ ಪ್ರಶ್ನೆ ಕೇಳುವವನು ಮೂರನೇ ಕ್ಲಾಸಿನ ಅವಳ ತಮ್ಮ. ಮೊನ್ನೆ ಅಕ್ಕ 1792ರ ಶ್ರೀರಂಗಪಟ್ಟಣ ಒಪ್ಪಂದದ ಷರತ್ತುಗಳನ್ನು ಒಪ್ಪಿಸುತ್ತಿದ್ದಳು: ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಟಿಪ್ಪುವಿನ ಇಬ್ಬರು ಮಕ್ಕಳ ಒತ್ತೆ. ಗೋಲಿ ಎಣಿಸುತ್ತಿದ್ದವನು ತಲೆ ಎತ್ತಿದ.

"ಆ ಮಕ್ಕಳನ್ನ ವಾಪಸ್ ಕೊಟ್ರಾ?"

ಕೊಟ್ಟರು, ಮದರಾಸಿನಲ್ಲಿ ಇಟ್ಟುಕೊಂಡಿದ್ದು 1794ರಲ್ಲಿ ಕಳಿಸಿದರು ಎಂದೆ.

"ಅಲ್ಲಿ ಅವರು ಯಾರ ಜೊತೆ ಆಡ್ತಿದ್ರು?"

"ಸುಮ್ನಿರೋ, ಅದು ನಮ್ಮ ಪಾಠದಲ್ಲಿಲ್ಲ" ಎಂದು ಅಕ್ಕ ಗದರಿದಳು.

"ಹಾಗಾದ್ರೆ ಯಾವ ಕ್ಲಾಸಿಗೆ ಬರುತ್ತೆ?"