ಸೆಂಟ್ರಿಂಗ್ ಬಿಚ್ಚದ ಮನೆ

ನಮ್ಮಪ್ಪ ಚಿತ್ರದುರ್ಗದಲ್ಲಿ ಮೂವತ್ತು ವರ್ಷ ಸೆಂಟ್ರಿಂಗ್ ಮೇಸ್ತ್ರಿ ಆಗಿದ್ದವರು. ಸೆಂಟ್ರಿಂಗ್ ಅಂದರೆ ಕಾಂಕ್ರೀಟ್ ಗಟ್ಟಿಯಾಗುವ ತನಕ ಹಿಡಿದಿಡುವ ಅಚ್ಚು, ಆಮೇಲೆ ಬಿಚ್ಚುತ್ತಾರೆ. ಇಲ್ಲಿ ಕೆನಡಾದಲ್ಲಿ, ಒಟ್ಟಾವಾ ಹತ್ತಿರದ ಹಳ್ಳಿಯಲ್ಲಿ, ನಾನೂ ನನ್ನ ಗಂಡನೂ ಸೇರಿ ಐಸಿಎಫ್ ಮನೆ ಕಟ್ಟುತ್ತೇವೆ ಅಂತ ಫೋನಿನಲ್ಲಿ ಹೇಳಿದೆ. ಥರ್ಮಾಕೋಲ್ ಬ್ಲಾಕು, ಒಳಗೆ ಕಾಂಕ್ರೀಟು ಅಂತೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಸೆಂಟ್ರಿಂಗ್ ಯಾವಾಗ ಬಿಚ್ತೀರಮ್ಮ?" ಅಂದರು.

"ಬಿಚ್ಚೋದೇ ಇಲ್ಲಪ್ಪ. ಅದು ಗೋಡೆಯಲ್ಲೇ ಉಳಿಯುತ್ತೆ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, "ಹಂಗಾದ್ರೆ ಒಳಗೆ ಏನಾಗೈತೆ ಅಂತ ನೋಡೋದು ಹೆಂಗೆ?"

ನೆಲಮಾಳಿಗೆಯ ಗೋಡೆ ಮುಗಿದಿದೆ. ಈಗ ಹಿಂತಿರುಗಿ ನೋಡಿದರೆ ಈ ಕೆಲಸದ ಕಷ್ಟವೆಲ್ಲ ಆ ಒಂದು ಪ್ರಶ್ನೆಯಲ್ಲೇ ಇತ್ತು ಅನಿಸುತ್ತದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಐಸಿಎಫ್ ಅಂದರೆ ಇನ್ಸುಲೇಟೆಡ್ ಕಾಂಕ್ರೀಟ್ ಫಾರ್ಮ್. ಎರಡೂವರೆ ಇಂಚು ದಪ್ಪದ ಎರಡು ಗಟ್ಟಿ ಥರ್ಮಾಕೋಲ್ ಹಲಗೆ, ನಡುವೆ ಆರು ಇಂಚು ಖಾಲಿ, ಎರಡನ್ನೂ ಹಿಡಿದಿಡುವ ಪ್ಲಾಸ್ಟಿಕ್ ಪಟ್ಟಿಗಳು. ಇಂಥ ಬ್ಲಾಕ್‌ಗಳನ್ನು ಒಂದರ ಮೇಲೊಂದು ಕೂರಿಸಿ, ಕಂಬಿ ಇಟ್ಟು, ನಡುವೆ ಕಾಂಕ್ರೀಟ್ ತುಂಬಬೇಕು. 1960ರ ದಶಕದ ಕೊನೆಯ ಹೊತ್ತಿಗೆ ಇದನ್ನು ರೂಪಿಸಿದವರು ಕೆನಡಾದವರೇ ಆದ ವರ್ನರ್ ಗ್ರೆಗೋರಿ ಎಂಬ ಕಂಟ್ರಾಕ್ಟರ್. ಅವರ ಬ್ಲಾಕ್ 48 ಇಂಚು ಉದ್ದ, 16 ಇಂಚು ಎತ್ತರ ಇತ್ತು. ನಾವು ತಂದದ್ದೂ ಅದೇ ಅಳತೆ.

ನಮಗೆ ಇದೇ ಯಾಕೆ ಬೇಕಿತ್ತು ಅಂದರೆ, ಇಲ್ಲಿ ಜನವರಿಯಲ್ಲಿ ಮೈನಸ್ 25ರ ರಾತ್ರಿಗಳು ಬರುತ್ತವೆ. ಅದರ ಮೇಲೆ 2022ರ ಮೇ 21ರ ಬಿರುಗಾಳಿ. ಆವತ್ತು ಒಟ್ಟಾವಾದಲ್ಲಿ ಕರೆಂಟ್ ಕಂಬಗಳೇ ಸಾಲಾಗಿ ಮುರಿದು ಬಿದ್ದಿದ್ದವು. ಎಷ್ಟೋ ಮನೆಗಳಿಗೆ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಹೀಗೆ ಜನವರಿಯಲ್ಲಿ ಆಗಿದ್ದರೆ ಮಕ್ಕಳನ್ನು ಕಟ್ಟಿಕೊಂಡು ಏನು ಮಾಡುತ್ತಿದ್ದೆವು ಎಂಬ ಭಯ ನನ್ನ ತಲೆಯಿಂದ ಹೋಗಲೇ ಇಲ್ಲ. ಗಾಳಿಗೆ ಜಗ್ಗದ, ಬಿಸಿ ಬೇಗ ಬಿಟ್ಟುಕೊಡದ ಗೋಡೆ ಬೇಕಿತ್ತು. ಐಸಿಎಫ್ ಗೋಡೆ ಅಂಥದ್ದೇ. ಅದರ ಬಗ್ಗೆ ನನಗೆ ಈಗಲೂ ಅನುಮಾನ ಇಲ್ಲ.

ನನ್ನ ತಕರಾರು ಇರುವುದು ಅದನ್ನು ಮಾರುವ ರೀತಿಯ ಬಗ್ಗೆ. ಮಕ್ಕಳ ಆಟದ ಇಟ್ಟಿಗೆ ಜೋಡಿಸಿದ ಹಾಗೆ, ಯಾರು ಬೇಕಾದರೂ ಕಟ್ಟಬಹುದು ಅನ್ನುತ್ತಾರೆ. ಜೋಡಿಸುವುದು ಸುಲಭ, ನಿಜ. ಒಂದು ಬ್ಲಾಕ್ ಎರಡು ಮೂರು ಕಿಲೋ ಅಷ್ಟೇ. ನನ್ನ ಎಂಟು ವರ್ಷದ ಮಗಳು ತಲೆ ಮೇಲೆ ಹೊತ್ತು ತಂದು ಕೊಡುತ್ತಿದ್ದಳು. ಆದರೆ ಅದೇ ಬ್ಲಾಕಿಗೆ ಕಾಂಕ್ರೀಟ್ ತುಂಬಿದರೆ ಸುಮಾರು 180 ಕಿಲೋ ಹಿಡಿಯುತ್ತದೆ. ಹಸಿ ಕಾಂಕ್ರೀಟ್ ನೀರಿನ ಹಾಗೆ ಪಕ್ಕಕ್ಕೆ ತಳ್ಳುತ್ತದೆ. ನಾಲ್ಕು ಅಡಿ ಎತ್ತರ ಒಂದೇ ಸಲ ಸುರಿದರೆ ಬುಡದಲ್ಲಿ ಪ್ರತಿ ಚದರ ಅಡಿಗೆ 270 ಕಿಲೋ ಹತ್ತಿರ ಒತ್ತಡ. ಅದನ್ನು ತಡೆಯುವುದು ಎರಡೂವರೆ ಇಂಚು ಥರ್ಮಾಕೋಲ್ ಮತ್ತು ಪ್ಲಾಸ್ಟಿಕ್ ಪಟ್ಟಿ. ಆಟದ ಇಟ್ಟಿಗೆಯಲ್ಲಿ ತಪ್ಪಾದರೆ ಕಿತ್ತು ಮತ್ತೆ ಜೋಡಿಸಬಹುದು. ಇಲ್ಲಿ ಕಾಂಕ್ರೀಟ್ ಬಿದ್ದ ಮೇಲೆ ಮುಗಿಯಿತು.

ಹಾಗಾಗಿ ಎಲ್ಲವನ್ನೂ ಮೊದಲೇ ಯೋಚಿಸಿರಬೇಕು. ಬೋರ್‌ವೆಲ್ ಪೈಪ್ ಎಲ್ಲಿ ಒಳಗೆ ಬರುತ್ತದೆ, ಸೆಪ್ಟಿಕ್ ಟ್ಯಾಂಕಿಗೆ ಎಲ್ಲಿ ಹೊರಗೆ ಹೋಗುತ್ತದೆ, ಬಟ್ಟೆ ಒಣಗಿಸುವ ಮೆಷಿನ್ನಿನ ಗಾಳಿ ಎಲ್ಲಿಂದ, ಹೊರಗಿನ ನಲ್ಲಿ ಎಲ್ಲಿ. ಎಲ್ಲದಕ್ಕೂ ಗೋಡೆಯಲ್ಲಿ ಪೈಪಿನ ತುಂಡು ಇಟ್ಟು ದಾರಿ ಬಿಟ್ಟಿರಬೇಕು. ಕರೆಂಟ್ ವೈರಿಗೆ ಈ ತೊಂದರೆ ಇಲ್ಲ, ಆಮೇಲೆ ಥರ್ಮಾಕೋಲಿನಲ್ಲೇ ಬಿಸಿ ಚಾಕುವಿನಿಂದ ಕಾಲುವೆ ಕೊರೆಯಬಹುದು. ಹೊರಗಿನ ನಲ್ಲಿಗೆ ದಾರಿ ಬಿಡುವುದು ನಮಗೆ ಮರೆತುಹೋಯಿತು. ಒಂದು ರಂಧ್ರಕ್ಕಾಗಿ ವಜ್ರದ ಬಿಟ್ ಇರುವ ಡ್ರಿಲ್ ಬಾಡಿಗೆಗೆ ತಂದು ಆರು ಇಂಚು ಕಾಂಕ್ರೀಟ್ ಕೊರೆಯಬೇಕಾಯಿತು.

ಇದಕ್ಕೂ ಮೊದಲು ಪಾಯ. ಹಿಮಕ್ಕೆ ನೆಲ ಹೆಪ್ಪುಗಟ್ಟಿ ಉಬ್ಬುತ್ತದೆ ಅಂತ ಒಟ್ಟಾವಾ ಕಡೆ ಸುಮಾರು 1.5 ಮೀಟರ್ ಆಳಕ್ಕೆ ಹೋಗಬೇಕು. ಆಳಕ್ಕಿಂತ ನಮ್ಮನ್ನು ಕಾಡಿದ್ದು ಮಟ್ಟ. ಒಂದು ಮೂಲೆಯಲ್ಲಿ ಪಾಯ ಮುಕ್ಕಾಲು ಇಂಚು ಎತ್ತರ ಬಂದಿತ್ತು. ಬ್ಲಾಕುಗಳು ಒಂದಕ್ಕೊಂದು ಹಲ್ಲು ಕಚ್ಚಿ ಕೂರುವುದರಿಂದ ಮೊದಲ ಸಾಲಿನ ತಪ್ಪು ಏಳನೇ ಸಾಲಿನವರೆಗೂ ಹಾಗೇ ಏರುತ್ತದೆ. ಗಾರೆ ಕೆಲಸದಲ್ಲಾದರೆ ಎರಡು ವರಸೆಯಲ್ಲಿ ಗಾರೆ ದಪ್ಪ ಮಾಡಿ ಸರಿ ಮಾಡಿಬಿಡುತ್ತಾರೆ. ಇಲ್ಲಿ ಆ ಅವಕಾಶವೇ ಇಲ್ಲ. ಎರಡು ದಿನ ಮಂಡಿಯೂರಿ ಕೂತು ಆ ಮೂಲೆಯ ಬ್ಲಾಕುಗಳ ಬುಡವನ್ನು ಗರಗಸದಿಂದ ಹೆರೆದೆವು. ಆ ಎರಡು ದಿನ ವ್ಯರ್ಥ ಅಂತ ನನಗೆ ಒಂದು ಕ್ಷಣವೂ ಅನಿಸಿಲ್ಲ.

ಆಮೇಲೆ ಆಧಾರ. ಒಳಗಡೆಯಿಂದ ಐದೂವರೆ ಅಡಿಗೊಂದು ಉಕ್ಕಿನ ಕಂಬ, ಅದಕ್ಕೆ ಓರೆಯಾಗಿ ತಿರುಪು ಇರುವ ಕೋಲು, ಮೇಲೆ ನಡೆದಾಡಲು ಹಲಗೆ. ಎಲ್ಲ ಬಾಡಿಗೆಗೆ. ಅಪ್ಪ ವಿಡಿಯೋ ಕಾಲಿನಲ್ಲಿ ಒಂದೊಂದನ್ನೂ ತೋರಿಸು ಅಂದರು. ಗೋಡೆಯನ್ನು ಕೂದಲೆಳೆಯಷ್ಟು ಒಳಕ್ಕೆ ವಾಲಿಸಿ ನಿಲ್ಲಿಸಬೇಕು. ಯಾಕಂದರೆ ತಿರುಪು ಗೋಡೆಯನ್ನು ಚೆನ್ನಾಗಿ ಹೊರಕ್ಕೆ ತಳ್ಳುತ್ತದೆ, ಒಳಕ್ಕೆ ಎಳೆಯುವುದು ಕಷ್ಟ. ಮೇಲೆ ಮೂಲೆಯಿಂದ ಮೂಲೆಗೆ ದಾರ ಕಟ್ಟಿ, ಕಾಂಕ್ರೀಟ್ ಬೀಳುತ್ತಿರುವಾಗಲೇ ದಾರ ನೋಡಿ ತಿರುಪು ತಿರುಗಿಸುತ್ತಿರಬೇಕು. ಅಪ್ಪನಿಗೆ ಇದು ತುಂಬಾ ಹಿಡಿಸಿತು.

ಲಾರಿ ಬರುವುದೂ ನಮ್ಮ ಕೈಯಲ್ಲಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಹಿಮ ಕರಗಿ ರಸ್ತೆಯ ಅಡಿ ಮೆತ್ತಗಾಗುತ್ತದೆ. ಒಂಟಾರಿಯೋದ ಹಳ್ಳಿ ರಸ್ತೆಗಳಲ್ಲಿ ಆಗ ಭಾರದ ಲಾರಿಗಳಿಗೆ ಆಕ್ಸಲ್‌ಗೆ 5 ಟನ್ ಮಿತಿ ಹಾಕುತ್ತಾರೆ. ಅದನ್ನು ಇಲ್ಲಿ ಹಾಫ್ ಲೋಡ್ ಅಂತಾರೆ. ನಾವು ಜೂನ್‌ವರೆಗೆ ಕಾದೆವು.

ಕಾಂಕ್ರೀಟ್ ಹಾಕಿದ ದಿನದ ಕತೆ ಹೇಳಲೇಬೇಕು. ನಮ್ಮದು ಸುತ್ತಳತೆ 140 ಅಡಿ, ಎತ್ತರ ಒಂಬತ್ತು ಅಡಿ ಚಿಲ್ಲರೆ. ಮೂರು ಲಾರಿ ಕಾಂಕ್ರೀಟ್, ಸಣ್ಣ ಜಲ್ಲಿಯದು. ಮೂರು ಅಡಿಗೊಂದು ಸುತ್ತು, ಒಂದು ಲಾರಿಗೆ ಒಂದು ಸುತ್ತು ಅಂತ ಲೆಕ್ಕ. ಮೊದಲ ಸುತ್ತು ಸಲೀಸಾಗಿ ಹೋಯಿತು. ಎರಡನೇ ಸುತ್ತಿನಲ್ಲಿ, ಪಡುವಣ ಗೋಡೆಯ ಕಿಟಕಿ ಪಕ್ಕ, ಚಟ್ ಅಂತ ಸದ್ದಾಯಿತು. ನೋಡುತ್ತಿದ್ದ ಹಾಗೆ ಬಿಳಿ ಹಲಗೆ ಹೊಟ್ಟೆಯ ಹಾಗೆ ಉಬ್ಬಿ, ಸೀಳಿನಿಂದ ಬೂದು ಹಾಲು ಇಳಿಯತೊಡಗಿತು. ಕಾಂಕ್ರೀಟ್ ಸುರಿಯುವ ಪೈಪ್ ಹಿಡಿದವರಿಗೆ ಕೈ ಮಾಡಿದೆ. ಅವರು ಆ ಕ್ಷಣವೇ ಎದುರು ಗೋಡೆಗೆ ಹೋದರು. ನನ್ನ ಗಂಡ ಬೆನ್ನು ಕೊಟ್ಟು ಒತ್ತಿ ಹಿಡಿದ. ನಾನು ಪ್ಲೈವುಡ್ ತಂದು ಅಕ್ಕಪಕ್ಕದ ಪ್ಲಾಸ್ಟಿಕ್ ಪಟ್ಟಿಗಳಿಗೆ ಸ್ಕ್ರೂ ಹೊಡೆದೆ. ಹನ್ನೆರಡು ಸ್ಕ್ರೂ. ಒಂದೊಂದೂ ನೆನಪಿದೆ.

ಕಾರಣ ಇಷ್ಟೇ. ಕಿಟಕಿಗೆ ಹೊಂದಿಸಲು ಅಲ್ಲಿ ಎರಡು ಬ್ಲಾಕ್ ಕತ್ತರಿಸಿದ್ದೆವು. ಕತ್ತರಿಸಿದ ಅಂಚಿನ ಹತ್ತಿರ ಪ್ಲಾಸ್ಟಿಕ್ ಪಟ್ಟಿ ಇರಲಿಲ್ಲ. ಹೊರಗಡೆ ಪ್ಲೈವುಡ್ ಹೊಡೆದಿದ್ದೆವು, ಒಳಗಡೆ ಹೊಡೆದಿರಲಿಲ್ಲ.

ಗೋಡೆ ಉಳಿಯಿತು. ಆದರೆ ಆ ಗಡಿಬಿಡಿಯಲ್ಲಿ ಅದೇ ಕಿಟಕಿಯ ಕೆಳಗೆ ವೈಬ್ರೇಟರ್, ಅಂದರೆ ಕಾಂಕ್ರೀಟನ್ನು ನಡುಗಿಸಿ ಸಂದಿಗೆಲ್ಲ ಇಳಿಸುವ ಯಂತ್ರ, ಬಿಟ್ಟಿದ್ದೆವೋ ಇಲ್ಲವೋ ಯಾರಿಗೂ ನೆನಪಿರಲಿಲ್ಲ. ಕಿಟಕಿ ಕೆಳಗಿನ ಜಾಗ ಮೊದಲೇ ಕಷ್ಟದ್ದು. ಕಾಂಕ್ರೀಟ್ ಎರಡು ಬದಿಯಿಂದ ಹರಿದು ಬಂದು ನಡುವೆ ಸೇರಬೇಕು. ಹೊರಗಿನಿಂದ ನೋಡಿದರೆ ಥರ್ಮಾಕೋಲ್ ನೀಟಾಗಿ, ಬೆಳ್ಳಗೆ, ಏನೂ ಆಗದ ಹಾಗೆ ನಿಂತಿತ್ತು. ಆ ರಾತ್ರಿ ಅಪ್ಪನ ಪ್ರಶ್ನೆ ನನಗೆ ನಿದ್ದೆ ಕೊಡಲಿಲ್ಲ.

ಮೂರನೇ ದಿನ ಚಾಕು ತೆಗೆದುಕೊಂಡು ಕಿಟಕಿಯ ಕೆಳಗೆ ಅಂಗೈ ಅಗಲ ಥರ್ಮಾಕೋಲ್ ಕತ್ತರಿಸಿ ತೆಗೆದೆ. ಒಳಗೆ ಜಲ್ಲಿ ಬಿಡಿಬಿಡಿಯಾಗಿ ಕಾಣುತ್ತಿತ್ತು. ಸಿಮೆಂಟ್ ಹಾಲು ತುಂಬದ ತೂತುಗಳು, ಜೇನುಗೂಡಿನ ಹಾಗೆ. ಒಂದು ಕಡೆ ಕಂಬಿಯೇ ಕಣ್ಣಿಗೆ ಬಿತ್ತು. ಬೆರಳು ಹಾಕಿದರೆ ಎರಡು ಗೆಣ್ಣು ಒಳಗೆ ಹೋಯಿತು. ಅಪ್ಪನಿಗೆ ವಿಡಿಯೋದಲ್ಲಿ ತೋರಿಸಿದೆ. ಬೈಯಲಿಲ್ಲ. "ತೆಗೆದು ನೋಡಿದ್ದು ಒಳ್ಳೇದಾತು. ಉಳಿದ ಕಿಟಕಿನೂ ನೋಡ್ರಿ" ಅಂದರು.

ಉಳಿದ ಮೂರೂ ನೋಡಿದೆವು. ಎರಡು ಗಟ್ಟಿ, ಇನ್ನೊಂದರಲ್ಲಿ ಸಣ್ಣ ತೂತು. ಎಂಜಿನಿಯರ್‌ಗೆ ಫೋಟೋ ಕಳಿಸಿ, ಅವರು ಹೇಳಿದ ಹಾಗೆ ಬಿಡಿ ಜಲ್ಲಿ ಕೆರೆದು ತೆಗೆದು, ಒಣಗಿದರೂ ಕುಗ್ಗದ ಸಿಮೆಂಟ್ ಗ್ರೌಟ್ ತುಂಬಿ, ಥರ್ಮಾಕೋಲ್ ತುಂಡನ್ನು ವಾಪಸ್ ಅಂಟಿಸಿದೆವು. ಈಗ ಯಾರು ನೋಡಿದರೂ ಗೊತ್ತಾಗುವುದಿಲ್ಲ. ಅದೇ ನನಗೆ ಚಿಂತೆ. ಎಷ್ಟು ಮನೆಗಳಲ್ಲಿ ಹೀಗೆ ತೆಗೆದು ನೋಡದೆ ಮಣ್ಣು ಮುಚ್ಚಿರಬಹುದು? ಒಂಟಾರಿಯೋದಲ್ಲಿ ಸ್ವಂತ ಕಟ್ಟಿಕೊಂಡ ಮನೆಗೆ, ಬಿಲ್ಡರ್ ಕಟ್ಟಿದ ಹೊಸ ಮನೆಗಳಿಗೆ ಸಿಗುವ ಟೇರಿಯನ್ ವಾರಂಟಿ ಕೂಡ ಇಲ್ಲ. ಗೋಡೆಯೊಳಗಿನ ತಪ್ಪು ಪೂರ್ತಿ ನಮ್ಮದೇ.

ನನ್ನ ಅಭಿಪ್ರಾಯ ಕೇಳಿದರೆ, ಬ್ಲಾಕ್ ನೀವೇ ಜೋಡಿಸಿ, ಕಂಬಿ ನೀವೇ ಕಟ್ಟಿ, ಅಲ್ಲಿ ದುಡ್ಡು ಉಳಿಸಿ. ಆದರೆ ಕಾಂಕ್ರೀಟ್ ಹಾಕುವ ಆ ಒಂದು ದಿನಕ್ಕೆ, ಈ ಕೆಲಸ ಹತ್ತಾರು ಸಲ ಮಾಡಿದ ಒಬ್ಬರನ್ನು ಸಂಬಳ ಕೊಟ್ಟು ಕರೆಸಿ. ಹಿಂದಿನ ದಿನವೇ ಬಂದು ಗೋಡೆ ಸುತ್ತ ನಡೆದು ನೋಡಲಿ. ನಮ್ಮಲ್ಲಿ ಇದ್ದವರೆಲ್ಲ ಸ್ನೇಹಿತರು, ಒಳ್ಳೆಯವರು, ಬೆವರು ಸುರಿಸಿದರು. ಆದರೆ ಕತ್ತರಿಸಿದ ಅಂಚನ್ನು ನೋಡಿ "ಇಲ್ಲಿ ಒಡೆಯುತ್ತೆ" ಅನ್ನುವ ಕಣ್ಣು ನಮ್ಮ ಯಾರಲ್ಲೂ ಇರಲಿಲ್ಲ. ಆ ಕಣ್ಣು ವಿಡಿಯೋ ನೋಡಿ ಬರುವುದಿಲ್ಲ. ಅಪ್ಪನಂಥವರಿಗೆ ಅದು ಮೂವತ್ತು ವರ್ಷದಲ್ಲಿ ಬಂದದ್ದು. ಅಂಥವರ ಕೆಲಸವನ್ನು ಆಟದ ಇಟ್ಟಿಗೆಗೆ ಹೋಲಿಸುವುದು ನನಗೆ ನೋವಾಗುತ್ತದೆ.

ಬೆಂಗಳೂರಿನ ಗೆಳೆಯರು ಕೇಳುತ್ತಿದ್ದೀರಿ, ಅಲ್ಲೂ ಇದನ್ನು ಮಾಡಬಹುದಾ ಅಂತ. ಮಾಡಬಹುದು, ಆದರೆ ನಾನಾದರೆ ಮಾಡುವುದಿಲ್ಲ. ಇಲ್ಲಿ ಒಳಗೆ 20 ಡಿಗ್ರಿ, ಹೊರಗೆ ಮೈನಸ್ 25, ಅದಕ್ಕೆ ಇಷ್ಟು ದಪ್ಪ ಗೋಡೆ. ಬೆಂಗಳೂರಲ್ಲಿ ಮಧ್ಯಾಹ್ನ ಬಿಸಿ ಜಾಸ್ತಿ ಇಳಿಯುವುದು ತಾರಸಿಯಿಂದ. ಆ ದುಡ್ಡನ್ನು ತಾರಸಿ ತಂಪು ಮಾಡಲು, ಪಡುವಣ ಕಿಟಕಿಗೆ ಸಜ್ಜಾ ಹಾಕಲು, ಒಂದು ಮರ ನೆಡಲು ಹಾಕಿ.

ಇನ್ನೆರಡು ಮಾತು, ಇಲ್ಲಿ ಕಟ್ಟಲು ಹೊರಟಿರುವ ಕನ್ನಡದವರಿಗೆ. ಹೊರಗಡೆ ನೀರು ತಡೆಯಲು ಅಂಟುವ ಶೀಟನ್ನೇ ಹಾಕಿ. ಸಾಲ್ವೆಂಟ್ ಇರುವ ಡಾಂಬರು ಬಳಿದರೆ ಥರ್ಮಾಕೋಲ್ ಕರಗಿಹೋಗುತ್ತದೆ. ಮೇಲಿನ ನೆಲದ ತೊಲೆ, ಹಲಗೆ ಕೂರುವ ತನಕ ಗೋಡೆಗೆ ಮಣ್ಣು ತುಂಬಬೇಡಿ.

ಮೇಲಿನ ಅಂತಸ್ತಿನ ಗೋಡೆಗೆ ಬರುವ ತಿಂಗಳು ಕಾಂಕ್ರೀಟ್. ಒಬ್ಬ ಹಿರಿಯ ಸೆಂಟ್ರಿಂಗ್ ಕೆಲಸದವರು ಒಪ್ಪಿದ್ದಾರೆ, ಎರಡು ದಿನ ಬರುತ್ತಾರೆ. ಕತ್ತರಿಸಿದ ಪ್ರತಿ ಅಂಚಿಗೂ ಈ ಸಲ ಒಳಗೂ ಹೊರಗೂ ಪ್ಲೈವುಡ್ ಹೊಡೆದಾಗಿದೆ. ಅಪ್ಪ ನಿನ್ನೆ ರಾತ್ರಿ ಒಂದೂವರೆ ಗಂಟೆ ವಿಡಿಯೋದಲ್ಲಿ ಒಂದೊಂದನ್ನೇ ನೋಡಿದರು. ಎರಡು ಕಡೆ ಇನ್ನೊಂದು ಸ್ಕ್ರೂ ಹಾಕು ಅಂದರು, ಹಾಕಿದೆ. ಆಧಾರದ, ಕಿಟಕಿ ಚೌಕಟ್ಟಿನ ಫೋಟೋ ಬೇಕಾದವರು ಕೇಳಿ, ಕಳಿಸುತ್ತೇನೆ.