26 ದಿನ ಕೋಳಿ ಬಿಟ್ಟ ದೇಶಭಕ್ತ

ದೇಶದ ರಕ್ಷಣೆಗೆ ನೀವೇನು ಕೊಟ್ಟಿದ್ದೀರಿ ಎಂದು ಯಾರಾದರೂ ಕೇಳಲಿ, ನನ್ನ ಹತ್ತಿರ ಉತ್ತರ ರೆಡಿ ಇದೆ. 26 ದಿನ ಚಿಕನ್ ಬಿಟ್ಟಿದ್ದೇನೆ.

ನಮ್ಮ ಮನೆ ಯಲಹಂಕದಲ್ಲಿ. 2025ರ ಫೆಬ್ರವರಿ 10ರಿಂದ 14ರವರೆಗೆ ಇಲ್ಲಿ ಏರೋ ಇಂಡಿಯಾ ಎಂಬ ವಿಮಾನ ಪ್ರದರ್ಶನ ನಡೆಯಿತು. ಅದಕ್ಕಾಗಿ ಜನವರಿ 23ರಿಂದ ಫೆಬ್ರವರಿ 17ರವರೆಗೆ ವಾಯುನೆಲೆಯ ಸುತ್ತ 13 ಕಿಲೋಮೀಟರ್ ಯಾರೂ ಮಾಂಸ ಮಾರುವಂತಿಲ್ಲ ಎಂದು ಪಾಲಿಕೆ ಆದೇಶ ಹೊರಡಿಸಿತು. ಕಾರಣ ಸರಿಯಾದದ್ದೇ. ಎಸೆದ ಮಾಂಸಕ್ಕೆ ಹದ್ದುಗಳು ಬರುತ್ತವೆ, ಹದ್ದು ವಿಮಾನಕ್ಕೆ ಬಡಿದರೆ ಅನಾಹುತ. ನಮ್ಮ ಬೀದಿಯ ಕೋಳಿ ಅಂಗಡಿಯವನು 23ರ ಬೆಳಿಗ್ಗೆಯೇ ಶಟರ್ ಎಳೆದ. ಒಂದು ದಿನವೂ ತಡ ಇಲ್ಲ. ತಾಂತ್ರಿಕ ತೊಂದರೆ ಇಲ್ಲ. ಪರಿಶೀಲನಾ ಸಮಿತಿ ಇಲ್ಲ.

ನಮ್ಮ ಸೇನೆಯ ಆಧುನೀಕರಣದಲ್ಲಿ ಹೇಳಿದ ದಿನಕ್ಕೆ ಸರಿಯಾಗಿ ಮುಗಿದ ಕೆಲಸ ಅದೊಂದೇ ಇರಬೇಕು.

ಆಕಾಶವೇನೋ ಖಾಲಿಯಾಯಿತು. ಇನ್ನು ವಿಮಾನ ಬರಬೇಕಲ್ವಾ? 2021ರಲ್ಲಿ ಇದೇ ಯಲಹಂಕದ ಪ್ರದರ್ಶನದಲ್ಲಿ ನಮ್ಮಲ್ಲೇ ತಯಾರಾಗುವ 83 ತೇಜಸ್ ಯುದ್ಧವಿಮಾನಗಳಿಗೆ ಸುಮಾರು 48,000 ಕೋಟಿ ರೂಪಾಯಿಯ ಒಪ್ಪಂದ ಆಗಿತ್ತು. ಮೊದಲನೆಯದು 2024ರ ಮಾರ್ಚ್‌ಗೆ ಬರಬೇಕಿತ್ತು. ಮಾರ್ಚ್ ಬಂತು, ಹೋಯಿತು. 2025ರ ಪ್ರದರ್ಶನದಲ್ಲಿ ವಾಯುಪಡೆ ಮುಖ್ಯಸ್ಥರು ತೇಜಸ್ ತಯಾರಿಸುವ ಸರ್ಕಾರಿ ಕಂಪನಿ ಎಚ್‌ಎಎಲ್‌ನ ಅಧಿಕಾರಿಗಳ ಜೊತೆ ಆಡಿದ ಮಾತು ಕ್ಯಾಮೆರಾಗೆ ಸಿಕ್ಕಿಬಿತ್ತು. ಫೆಬ್ರವರಿಗೆ 11 ವಿಮಾನ ತಯಾರಿರುತ್ತವೆ ಅಂದಿದ್ದಿರಿ, ಒಂದೂ ಇಲ್ಲ, ನಿಮ್ಮ ಮೇಲೆ ನಂಬಿಕೆಯೇ ಬರುತ್ತಿಲ್ಲ ಎಂಬುದು ಅದರ ಸಾರ. ಇದು ಸೋಮಾರಿತನ ಅಲ್ಲ, ತಾಂತ್ರಿಕ ತೊಂದರೆ ಎಂದು ಎಚ್‌ಎಎಲ್ ಮುಖ್ಯಸ್ಥರು ಉತ್ತರ ಕೊಟ್ಟರು. ಪಾಪ, ಕೋಳಿ ಅಂಗಡಿಯವನಿಗೆ ಈ ಉತ್ತರ ಮೊದಲೇ ಹೊಳೆದಿದ್ದರೆ ಚೆನ್ನಾಗಿತ್ತು.

ತಪ್ಪೆಲ್ಲ ಎಚ್‌ಎಎಲ್‌ನದ್ದು ಅನ್ನುವುದೂ ಅನ್ಯಾಯ. ಎಂಜಿನ್ ಅಮೆರಿಕದಿಂದ ಬರಬೇಕು, ಅದೇ ಬರಲಿಲ್ಲ. ಮೊದಲ ಎಂಜಿನ್ ಸಿಕ್ಕಿದ್ದು 2025ರ ಮಾರ್ಚ್‌ನಲ್ಲಿ. ಅಂದರೆ ಛತ್ರ ಬುಕ್ ಆಗಿದೆ, ವಾಲಗದವರು ಬಂದಿದ್ದಾರೆ, ಗಂಡು ಮಾತ್ರ ಇನ್ನೂ ಅಮೆರಿಕದಲ್ಲೇ ಇದ್ದಾನೆ. ನಮ್ಮದೇ ಎಂಜಿನ್ ಮಾಡೋಣ ಅಂತ 1989ರಲ್ಲೇ ಬೆಂಗಳೂರಿನಲ್ಲಿ ಕೆಲಸ ಶುರುವಾಗಿತ್ತು. 2008ರಲ್ಲಿ ಅದನ್ನು ತೇಜಸ್ ಯೋಜನೆಯಿಂದ ಬೇರ್ಪಡಿಸಿದರು. ಆ ಎಂಜಿನ್ನಿಗೆ ಇಟ್ಟ ಹೆಸರು ಕಾವೇರಿ. ಕಾವೇರಿ ಅಂತ ಹೆಸರಿಟ್ಟ ಮೇಲೆ ಅದು ಸಕಾಲಕ್ಕೆ ಬಿಡುಗಡೆಯಾಗುತ್ತದೆ ಅಂತ ನಂಬಿದ ಪುಣ್ಯಾತ್ಮ ಯಾರೋ?

ಬಡ ದೇಶ, ದುಡ್ಡೆಲ್ಲಿದೆ ಅನ್ನುತ್ತೀರಾ? 2024-25ರಲ್ಲಿ ಸೇನೆಯ ಬಂಡವಾಳ ವೆಚ್ಚಕ್ಕೆ, ಅಂದರೆ ಹೊಸ ವಿಮಾನ, ಆಯುಧ ಇತ್ಯಾದಿ ಕೊಳ್ಳುವುದಕ್ಕೆ, 1.72 ಲಕ್ಷ ಕೋಟಿ ರೂಪಾಯಿ ಇಟ್ಟಿದ್ದರು. ಪರಿಷ್ಕೃತ ಅಂದಾಜು ಬಂದಾಗ ಅದರಲ್ಲಿ ಸುಮಾರು 12,500 ಕೋಟಿ ಕಡಿಮೆಯಾಗಿತ್ತು. ದುಡ್ಡಿಲ್ಲ ಅನ್ನುವುದೂ ನಾವೇ, ಇಟ್ಟ ದುಡ್ಡನ್ನು ವಾಪಸ್ ಎಳೆದುಕೊಳ್ಳುವುದೂ ನಾವೇ. ಇನ್ನು ಖರೀದಿಯ ಮೊದಲ ಮೆಟ್ಟಿಲಿಗೆ 'ಅವಶ್ಯಕತೆಯ ಒಪ್ಪಿಗೆ' ಎಂಬ ಹೆಸರಿದೆ. ಹೌದು, ಇದು ನಮಗೆ ಬೇಕು ಎಂದು ಸರ್ಕಾರ ಒಪ್ಪಿಕೊಳ್ಳುವುದು, ಅಷ್ಟೇ. ಟೆಂಡರ್, ಪರೀಕ್ಷೆ, ಚೌಕಾಸಿ ಎಲ್ಲ ಆಮೇಲೆ. ಆದರೆ ಅವತ್ತೇ ಟೀವಿಯಲ್ಲಿ ಶತ್ರು ಗಡಗಡ ನಡುಗಿರುತ್ತಾನೆ. ಮನೆಯಲ್ಲಿ ನಾನು ಹಸಿವಾಗ್ತಿದೆ ಅಂದಿದ್ದಕ್ಕೇ ಊಟ ಆಯಿತು ಅಂತ ಬರೆದುಕೊಂಡ ಹಾಗೆ.

ಇಷ್ಟು ವರ್ಷ ನಮ್ಮ ಆಕಾಶ ಕಾದಿದ್ದು ಯಾರು? ಮಿಗ್-21 ಎಂಬ ಹಳೇ ಯುದ್ಧವಿಮಾನ. 1963ರಲ್ಲಿ ಸೇವೆಗೆ ಸೇರಿದ್ದು. ನಮ್ಮ ಕರ್ನಾಟಕದ ಸರ್ಕಾರಿ ಗುಮಾಸ್ತ 60ಕ್ಕೆ ಮನೆಗೆ ಹೋಗುತ್ತಾನೆ. ಮಿಗ್ 62 ವರ್ಷ ಡ್ಯೂಟಿ ಮಾಡಿ 2025ರ ಸೆಪ್ಟೆಂಬರ್ 26ಕ್ಕೆ ಚಂಡೀಗಢದಲ್ಲಿ ಬೀಳ್ಕೊಡುಗೆ ಪಡೆಯಿತು. ಅದರ ಹಿಂದಿನ ದಿನವೇ ಇನ್ನೂ 97 ತೇಜಸ್‌ಗೆ 62,370 ಕೋಟಿ ರೂಪಾಯಿಯ ಹೊಸ ಒಪ್ಪಂದಕ್ಕೆ ಸಹಿ ಬಿತ್ತು. ಹೊರಡುವವನಿಗೆ ಹಾರ, ಬರಬೇಕಾದವನಿಗೆ ಮತ್ತೊಂದು ಕಾಗದ.

ಇದನ್ನೆಲ್ಲ ಅಂಗಡಿಯವನಿಗೆ ಹೇಳಿದೆ. ಕೋಳಿ ತೂಗುತ್ತಾ ಕೇಳಿಸಿಕೊಂಡ. "ಅದೆಲ್ಲ ಬಿಡಿ ಸಾರ್. ಮುಂದಿನ ಸಲ ಇಷ್ಟೆಲ್ಲ ವಿಮಾನ ಬಂದರೆ ಎಷ್ಟು ದಿನ ಬಾಗಿಲು ಹಾಕಿಸ್ತಾರೆ?" ಅಂದ.

ಗಾಬರಿ ಬೇಡಪ್ಪ, ಅಷ್ಟೆಲ್ಲ ಬರಲ್ಲ ಅಂದೆ. ಖುಷಿಯಾಗಿ ಎರಡು ಲೆಗ್ ಪೀಸ್ ಜಾಸ್ತಿ ಹಾಕಿಕೊಟ್ಟ.