ಕಟ್ಟಿದ ಕೈಗೂ ಆರೈಕೆ ಬೇಕು

ನನ್ನ ಗಂಡನ ಒಪ್ಪಿಗೆ ಕೇಳಿ, ಬರೆದದ್ದನ್ನು ಅವನಿಗೆ ಓದಿಸಿದ ಮೇಲೆಯೇ ಇದನ್ನು ಇಲ್ಲಿ ಹಾಕುತ್ತಿದ್ದೇನೆ. ವಯಸ್ಕರು ಮಾತ್ರ ಓದಿ.

ನಮ್ಮ ಮದುವೆಯಾಗಿ ಒಂಬತ್ತು ವರ್ಷ. ಐದು ವರ್ಷಗಳಿಂದ ನಮ್ಮ ಖಾಸಗಿ ಬದುಕಿನಲ್ಲಿ ಬಿಡಿಎಸ್‌ಎಂ ಇದೆ. ಅಂದರೆ ಇಬ್ಬರ ಒಪ್ಪಿಗೆಯಿಂದ ಕಟ್ಟುವುದು, ನೋವು ಕೊಡುವುದು, ಹಿಡಿತ ಬಿಟ್ಟುಕೊಡುವುದು ಇರುವ ಲೈಂಗಿಕ ಆಟ. ಅವನು ಡಾಮ್, ನಡೆಸುವವನು; ನಾನು ಸಬ್, ಒಪ್ಪಿಸಿಕೊಳ್ಳುವವಳು. ಏನು ಮಾಡಬಹುದು, ಏನು ಕೂಡದು ಎಂಬುದನ್ನು ಮೊದಲೇ ಕುಳಿತು ಮಾತನಾಡಿಕೊಳ್ಳುತ್ತೇವೆ. ಸೇಫ್‌ವರ್ಡ್‌ಗೆ (ಆಟವನ್ನು ತಡೆಯಲು ಮೊದಲೇ ಗೊತ್ತುಮಾಡಿಕೊಂಡ ಮಾತಿಗೆ) ಟ್ರಾಫಿಕ್ ದೀಪದ ಬಣ್ಣಗಳು: ಹಳದಿ ಎಂದರೆ ನಿಧಾನಿಸು, ಕೆಂಪು ಎಂದರೆ ಅಲ್ಲಿಗೇ ನಿಲ್ಲಿಸು. ಹಗ್ಗ ಬಿಚ್ಚಿದ ಮೇಲೆ ಅವನು ನನಗೆ ರಗ್ಗು ಹೊದಿಸಿ, ಬೆಚ್ಚಗಿನ ನೀರು ಕುಡಿಸುತ್ತಾನೆ. ಮಣಿಕಟ್ಟಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಬೆರಳುಗಳನ್ನು ಒಂದೊಂದಾಗಿ ಒತ್ತಿ, ಮುಟ್ಟಿದ್ದು ಗೊತ್ತಾಗುತ್ತಿದೆಯೇ ಎಂದು ಕೇಳುತ್ತಾನೆ. ಇದನ್ನು ಆಫ್ಟರ್‌ಕೇರ್ ಎನ್ನುತ್ತಾರೆ, ನನಗೆ ಆರೈಕೆ ಎಂಬ ಮಾತೇ ಇಷ್ಟ. ಆರೈಕೆ ಎಂದರೆ ನನಗೆ ಸಿಗಬೇಕಾದದ್ದು ಎಂದೇ ಬಹಳ ಕಾಲ ತಿಳಿದಿದ್ದೆ.

ಕಳೆದ ವರ್ಷ ಒಂದು ಮಂಗಳವಾರ ರಾತ್ರಿ ಸಾರು ಬಡಿಸಲು ಕೈ ಚಾಚಿದಾಗ ಕುರ್ತಾದ ತೋಳು ಮೇಲೆ ಸರಿದು ಶನಿವಾರದ ಹಗ್ಗದ ಗುರುತು ಕಂಡಿತು. ಅದು ಬಹುತೇಕ ಮಾಸಿತ್ತು, ನಾನೇ ಮರೆತಿದ್ದೆ. ಅವನು ಎಡಗೈಯಿಂದ ನನ್ನ ಕುರ್ತಾದ ತೋಳನ್ನು ಕೆಳಕ್ಕೆ ಎಳೆದು ಗುರುತನ್ನು ಮುಚ್ಚಿದ. ಕಲಸಿದ ಅನ್ನ ತಟ್ಟೆಯಲ್ಲಿಯೇ ಉಳಿಯಿತು.

ಎರಡು ರಾತ್ರಿಯಿಂದ ಅವನಿಗೆ ನಿದ್ದೆಯೇ ಬಂದಿರಲಿಲ್ಲವಂತೆ. ಬಹಳ ಹೊತ್ತಿನ ಮೇಲೆ ಹೇಳಿದ: "ನಿನಗೆ ನೋವು ಕೊಡುವಾಗ ನನಗೆ ಖುಷಿಯಾಗಿತ್ತು. ನಾನು ಎಂಥ ಮನುಷ್ಯ?"

ಈ ಕುಸಿತಕ್ಕೆ ಬಲ್ಲವರ ಬಾಯಲ್ಲಿ ಹೆಸರೇ ಇದೆ: ಡಾಮ್ ಡ್ರಾಪ್, ಇಲ್ಲವೇ ಟಾಪ್ ಡ್ರಾಪ್. ಸುಸ್ತು, ಕಾರಣವಿಲ್ಲದ ಸಿಡುಕು, ಅಳು, ಅಪರಾಧಿ ಭಾವ. ಕೆಲವರಿಗೆ ಆ ರಾತ್ರಿಯೇ ಬರುತ್ತದೆ, ಕೆಲವರಿಗೆ ಎರಡು ಮೂರು ದಿನ ಬಿಟ್ಟು. ಆ ಹೊತ್ತಿನಲ್ಲಿ ಅವನು ಮಾಡುವ ಕೆಲಸವನ್ನು ನೆನೆಸಿಕೊಂಡರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ನನ್ನ ಉಸಿರು, ಬೆರಳ ತುದಿಯ ಬಣ್ಣ, ಗಂಟಿನ ಬಿಗಿ, ಗಡಿಯಾರ ಎಲ್ಲದರ ಮೇಲೂ ಅವನ ಕಣ್ಣಿರಬೇಕು. ನಾನು ಎಲ್ಲವನ್ನೂ ಬಿಟ್ಟುಕೊಟ್ಟು ಹಗುರಾಗುವಾಗ ಅವನು ಎಲ್ಲವನ್ನೂ ಹೊತ್ತುಕೊಂಡಿರುತ್ತಾನೆ. 2017ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, ಡಾಮ್ ಸ್ಥಾನದಲ್ಲಿದ್ದವರೂ ಕೆಲಸದಲ್ಲಿ ಪೂರ್ತಿ ಮುಳುಗಿ ತನ್ನನ್ನೇ ಮರೆಯುವಂಥ ಸ್ಥಿತಿಗೆ ಹೋಗುತ್ತಾರೆ ಎಂಬುದು ಕಂಡುಬಂದಿತ್ತು. ಅಷ್ಟು ಆಳಕ್ಕೆ ಇಳಿದವನು ಎದ್ದು ಮೊದಲು ಮಾಡುವುದು ನನಗೆ ನೀರು ತರುವ ಕೆಲಸ. ನಮ್ಮ ಮನೆಗಳಲ್ಲಿ ಬಾಣಂತಿಗೆ ಎಣ್ಣೆ, ನೀರು, ಪಥ್ಯ ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆಯುತ್ತದೆ. ಬಾಣಂತನ ಮಾಡಿದ ಅಮ್ಮನ ಸೊಂಟ ಹೇಗಿದೆ ಎಂದು ಎಷ್ಟು ಜನ ಕೇಳಿದ್ದೇವೆ?

ಅವತ್ತು ಸಮಾಧಾನ ಹೇಳಲು ಹೋಗಿ ನನ್ನ ಊರಿನ ಯಕ್ಷಗಾನದ ಮಾತು ತೆಗೆದೆ. ರಾತ್ರಿಯಿಡೀ ಮಹಿಷಾಸುರನಾಗಿ ಅಬ್ಬರಿಸಿದವರು ಬೆಳಗಿನ ಜಾವ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಕುಳಿತು ಎಣ್ಣೆ ಹಚ್ಚಿ ಬಣ್ಣ ತೆಗೆಯುವುದನ್ನು ಚಿಕ್ಕವಳಿದ್ದಾಗ ನೋಡಿದ್ದೇನೆ. ನಿನ್ನದೂ ವೇಷ, ಕಳಚಿಡು ಎಂದೆ. ಅವನು ತಲೆಯಾಡಿಸಿದ. "ಅದು ವೇಷವಲ್ಲ, ನನ್ನೊಳಗೇ ಇರುವುದು. ಅದನ್ನು ಕಂಡೂ ನೀನು ನನ್ನ ಪಕ್ಕದಲ್ಲಿ ಮಲಗುತ್ತೀಯಾ ಎಂಬುದು ನನಗೆ ಗೊತ್ತಾಗಬೇಕು." ಅವನಿಗೆ ಬೇಕಿದ್ದ ಆರೈಕೆ ಅದು. ಎಣ್ಣೆಯೂ ಅಲ್ಲ, ರಗ್ಗೂ ಅಲ್ಲ. ನಾನೇ ಬಯಸಿದ್ದೆ, ನನಗೆ ಹಿತವಾಗಿತ್ತು, ನಿನ್ನ ಮೇಲಿನ ನಂಬಿಕೆ ಕದಲಿಲ್ಲ ಎಂಬ ಮಾತನ್ನು ನನ್ನ ಬಾಯಿಂದಲೇ ಕೇಳಬೇಕಿತ್ತು. ಅದನ್ನು ನಾನು ಒಮ್ಮೆಯೂ ಹೇಳಿರಲಿಲ್ಲ. ಗೊತ್ತಿರುತ್ತದೆ ಅಂದುಕೊಂಡಿದ್ದೆ.

ಅದಾದ ಮೇಲೆ ಅವನು ಒಬ್ಬ ಆಪ್ತಸಲಹೆಗಾರರ ಬಳಿ ಹೋದ. ಹತ್ತು ನಿಮಿಷ ಕೇಳಿ, ಇದು ರೋಗ, ಬಿಟ್ಟುಬಿಡಿ ಎಂದರಂತೆ. ನನಗೆ ಈಗಲೂ ಸಿಟ್ಟು ಇಳಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ ಹನ್ನೊಂದನೆಯ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಒಪ್ಪಿಗೆಯಿಂದ ನಡೆಯುವ ಇಂಥದ್ದನ್ನು ಅದರಲ್ಲಿ ರೋಗವೆಂದು ಎಣಿಸಿಲ್ಲ. ಒಪ್ಪದವರ ಮೇಲೆ ನಡೆಸುವ ಕ್ರೌರ್ಯದ ಮಾತು ಬೇರೆ. ತನ್ನನ್ನು ತಾನೇ ರಾಕ್ಷಸ ಎಂದು ಅನುಮಾನಿಸುತ್ತಾ ಬಂದವನಿಗೆ ಹೌದು ಎಂದು ಮುದ್ರೆ ಒತ್ತಿ ಕಳಿಸಿದರೆ ಅವನು ಇನ್ನೆಲ್ಲಿ ಬಾಯಿ ಬಿಡಬೇಕು? ಗಂಡಸು ಅಳಬಾರದು ಎಂದು ಬೆಳೆಸಿದ್ದೇವೆ, ಡಾಮ್ ಆದವನಂತೂ ಅಳುಕಲೂಬಾರದು. ಡಾಮ್ ಆಗಿರುವ ಹೆಂಗಸರ ಕಷ್ಟ ಇನ್ನೂ ಒಂದು ತೂಕ ಹೆಚ್ಚೇ ಇರಬೇಕು. ಸಾಕಿ ಸಲಹುವ ಕೈ ಎಂದು ಹೇಳಿಸಿಕೊಂಡೇ ಬೆಳೆದವರು ಅವರು.

ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು. ಒಮ್ಮೆ ನಾನು ಹಳದಿ ಎಂದದ್ದು ಅವನಿಗೆ ತಡವಾಗಿ ಕೇಳಿಸಿತು. ಆಮೇಲೆ ಅವನು ಅಳುತ್ತಿದ್ದ, ನಾನು ಬೆನ್ನು ಸವರುತ್ತಿದ್ದೆ. ನನ್ನ ನೋವಿನ ಮಾತು ಬರಲು ಒಂದು ವಾರ ಬೇಕಾಯಿತು. ಅದು ತಪ್ಪು. ನಿಜವಾಗಿ ಎಡವಿದಾಗ ಮೊದಲು ಆ ಎಡವಿದ ಮಾತು, ಕ್ಷಮೆ, ಮುಂದೆ ಹೀಗಾಗದಂತೆ ಏನು ಮಾಡುವುದು ಎಂಬ ಲೆಕ್ಕ. ಸಮಾಧಾನ ಅದರ ನಂತರ. ಅಂಥ ದಿನ ಸಬ್ ಆದವರೇ ಡಾಮ್‌ನನ್ನು ಸಂತೈಸುತ್ತಾ ಕೂರಬೇಕು ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಈಗ ಇಬ್ಬರ ಆರೈಕೆಯ ಮಾತೂ ಮೊದಲೇ ಆಗುತ್ತದೆ. ಬೇಡವೆನಿಸಿದರೆ ಕೆಂಪು ಎನ್ನುವ ಹಕ್ಕು ಅವನಿಗೂ ಇದೆ, ಎರಡು ಸಲ ಅಂದಿದ್ದಾನೆ. ಮುಗಿದ ಮೇಲೆ ಅರ್ಧ ಗಂಟೆ ಅವನಿಗೆ ಮಾತು ಬೇಡ, ನನ್ನ ತಲೆ ಅವನ ತೊಡೆಯ ಮೇಲಿದ್ದರೆ ಸಾಕು. ಭಾನುವಾರ ಬೆಳಗಿನ ಕಾಫಿ ನನ್ನ ಪಾಳಿ. ಯಾವುದು ಹಿತವಾಗಿತ್ತು ಎಂದು ಬಿಡಿಸಿ ಹೇಳುವುದೂ ಆಗಲೇ. ಗುರುತು ಉಳಿದಿದ್ದರೆ ನಾನೇ ತೋರಿಸುತ್ತೇನೆ, ಮುಚ್ಚಿಡುವುದಿಲ್ಲ.

ಹೋದ ವಾರ ಮಂಗಳವಾರ ಮಧ್ಯಾಹ್ನ ಅವನೇ ಕಚೇರಿಯಿಂದ ಫೋನ್ ಮಾಡಿದ. "ಇವತ್ತು ಮನಸ್ಸು ಭಾರವಾಗಿದೆ, ಸ್ವಲ್ಪ ಬೇಗ ಬರುತ್ತೀಯಾ?" ಎಂದ. ನಾನು ಐದೂವರೆಯ ಬಸ್ ಹಿಡಿದೆ.